ಮೇಲಿನ ಕಿಂಡಿ

ಸೊಂಟದ ಮೂಳೆಗೆ ಸ್ಟೀಲು ಹಾಕಿಸಿಕೊಳ್ಳಲು
ವಿನ್ನಿಪೆಗ್‌ಗೆ ಹೊರಟ ಸಿಗ್ರುನ್
ಬೀಗದ ಕೈ ಕೊಟ್ಟಳು, ಒಂಬತ್ತು ಕೋಳಿ ಕೊಟ್ಟಳು,
ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಗೀಚಿದ ಚೀಟಿ ಕೊಟ್ಟಳು:

ನೀರು ದಿನಕ್ಕೆ ಮೂರು ಸಲ. ಬಿಸಿ ಬೇಡ, ಉಗುರುಬೆಚ್ಚಗೆ.
ಕತ್ತಲಾಗುವ ಮುಂಚೆ ಒಂದು ಹಿಡಿ ಮುಸುಕಿನ ಜೋಳ,
ರಾತ್ರಿಯಿಡೀ ಹೊಟ್ಟೆಯಲ್ಲಿ ಒಲೆ ಉರಿಯಲಿ.
ಹುಂಜದ ಜುಟ್ಟಿಗೆ ವ್ಯಾಸಲೀನು. ಕುಕ್ಕುತ್ತಾನೆ, ಬೈಯಬೇಡ.
ಮೇಲಿನ ಕಿಂಡಿ ಮುಚ್ಚಬೇಡ.

ಕೊನೆಯದರ ಕೆಳಗೆ ಎರಡು ಗೆರೆ.
ಕೋಳಿಗಳಿಗೆ ಹೆಸರೂ ಇವೆಯಂತೆ,
ಹಾಳೆಯಲ್ಲಿ ಜಾಗ ಸಾಲಲಿಲ್ಲ.

ಚಳಿಯ ಪಾಠ ನನಗೆ?
ಮೂವತ್ತು ವರ್ಷ ಈ ಸರೋವರದ ಮಂಜುಗಡ್ಡೆ ಕೊರೆದು
ಬಲೆ ಇಳಿಸಿದವನು ನಾನು,
ಎಡಗೈ ಕಿರುಬೆರಳಿನ ತುದಿಯನ್ನು, ಉಗುರು ಸಮೇತ,
ಚಳಿರಾಯನಿಗೆ ಕಪ್ಪ ಕಟ್ಟಿದವನು.

ಜನವರಿ. ಸೊನ್ನೆಯ ಕೆಳಗೆ ಮೂವತ್ತೆಂಟು.
ಟ್ರಕ್ಕು ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಗೂಡಿನ ಚಿಲಕ ಕೈಗವಸನ್ನು ಕಚ್ಚಿ ಹಿಡಿಯಿತು.
ಒಳಗೆ ಟಾರ್ಚಿನ ಬೆಳಕಿಗೆ ಒಂಬತ್ತು ಉಂಡೆ,
ಅಡ್ಡಗೋಲಿನ ಮೇಲೆ ಒಂದಕ್ಕೊಂದು ಒತ್ತಿ,
ಪಾದ ಕಾಣದಂತೆ ಪುಕ್ಕ ಇಳಿಬಿಟ್ಟು,
ತಲೆಯನ್ನು ತಮ್ಮೊಳಗೇ ಮಡಿಚಿಟ್ಟುಕೊಂಡು.
ಸೂರಿನಡಿಯ ಕಿಂಡಿಯಲ್ಲಿ ಒಂದೇ ನಕ್ಷತ್ರ,
ಸೂಜಿಮೊನೆ.

ಅಯ್ಯೋ ಅನಿಸಿತು.
ಅಯ್ಯೋ ಅನ್ನುವುದು ಎಷ್ಟು ಸುಲಭ.
ಕೋಟಿನೊಳಗಿನ ಹಳೆಯ ಸ್ವೆಟರು ಬಿಚ್ಚಿ
ಎರಡು ತೋಳನ್ನೂ ಬಿಡದೆ ಕಿಂಡಿಗೆ ತುರುಕಿದೆ.
ನಕ್ಷತ್ರ ಆರಿತು.
ಮನೆಗೆ ಬಂದು
ಪುಣ್ಯ ಮಾಡಿದವನ ನಿದ್ದೆ ಮಾಡಿದೆ.

ಬೆಳಿಗ್ಗೆ ಬಾಗಿಲು ತೆಗೆದರೆ
ಗೋಡೆ ತುಂಬ ಬಿಳಿ ಬೂಷ್ಟು,
ಮೊಳೆಮೊಳೆಗೂ ಮಂಜಿನ ಗಡ್ಡ,
ಹುಲ್ಲು ಒದ್ದೆ, ಹಿಕ್ಕೆಯ ಘಾಟು ಕಣ್ಣಿಗೆ.
ರಾತ್ರಿಯಿಡೀ ಅವು ಉಸಿರಾಡಿದ್ದವು, ಅಷ್ಟೇ.
ಹೊರಗೆ ಹೋಗಲು ದಾರಿಯಿಲ್ಲದ ಆ ಉಸಿರು
ವಾಪಸು ಬಂದು ಅವುಗಳ ಮೇಲೆಯೇ ಕೂತು
ಹೆಪ್ಪುಗಟ್ಟಿತ್ತು.
ಹುಂಜದ ಜುಟ್ಟಿನ ಮೂರು ತುದಿ ಸೀಸದ ಬಣ್ಣ.
ಅವನೂ ಕಪ್ಪ ಕಟ್ಟಿದ್ದ,
ನನ್ನ ಲೆಕ್ಕದಲ್ಲಿ.

ಎಳೆದರೆ ಸ್ವೆಟರು ಹಲಗೆಯಾಗಿ ಬಂತು.
ಹಿಂದೆಯೇ ಗಾಳಿ, ಒಣ, ಖಾರ, ಸ್ವಚ್ಛ.
ಕೋಳಿಗಳು ಒಂದೊಂದಾಗಿ ಮೈ ಕೊಡವಿದವು.
ಹುಂಜನನ್ನು ಕಂಕುಳಲ್ಲಿ ಒತ್ತಿ ಹಿಡಿದು ವ್ಯಾಸಲೀನು ಹಚ್ಚುವಾಗ
ಕುಕ್ಕಿದ, ಹುಡುಕಿ ಹುಡುಕಿ
ಅದೇ ಮೋಟು ಬೆರಳಿಗೆ.
ಬೈಯಲಿಲ್ಲ.

ಮಧ್ಯಾಹ್ನ ಸಿಗ್ರುನ್ ಫೋನು. ಹೇಗಿವೆ?
ಚೆನ್ನಾಗಿವೆ ಅಂದೆ. ಒಂದು ಮೊಟ್ಟೆ ಅಂದೆ,
ಚಳಿಗೆ ಉದ್ದಕ್ಕೆ ಸೀಳಿದೆ ಅಂದೆ.
ಇಷ್ಟು ಹೇಳಿ ಇಟ್ಟುಬಿಡಬಹುದಿತ್ತು.
ಕಿಂಡಿ ಮುಚ್ಚಿದ್ದೆ, ಒಂದು ರಾತ್ರಿ.

ಆ ಕಡೆ ಆಸ್ಪತ್ರೆಯ ಟೀವಿಯಲ್ಲಿ ಯಾರೋ ಬಹುಮಾನ ಗೆದ್ದು ಕಿರುಚಿದರು.
ಆಮೇಲೆ ಅವಳು,
ಆ ಎರಡು ಗೆರೆ
ನಿನಗೆಂದು ಎಳೆದದ್ದಲ್ಲ ಮಾರಾಯ.
ಹಿಂದಿನ ಹುಂಜನಿಗೆ ಜುಟ್ಟೇ ಇರಲಿಲ್ಲ, ನೆನಪಿದೆಯಾ?

ನೆನಪಿತ್ತು. ಜಾತಿಯೇ ಹಾಗೆ ಅಂದುಕೊಂಡಿದ್ದೆ.

ನಾಲ್ಕೂವರೆಗೇ ಕತ್ತಲು.
ಬಾಣಲೆಯಲ್ಲಿ ಸೀಳಿದ ಮೊಟ್ಟೆ ಚುರುಗುಟ್ಟುತ್ತಿದೆ.
ಬಕೆಟ್ಟಿಗೆ ಕೆಟಲಿನ ನೀರು, ನಲ್ಲಿಯ ನೀರು ಬೆರೆಸಿ
ಉಗುರಿಲ್ಲದ ಬೆರಳನ್ನು ಅದ್ದಿ ನೋಡಿದೆ.
ಇನ್ನೊಂದಿಷ್ಟು ತಣ್ಣೀರು.
ಹ್ಞಾ, ಈಗ ಸರಿ.