ಎಂಬತ್ತೇಳನೆಯ ಬಳ್ಳಿ

ಸೋರೆ ಅರಳುವುದು ಸಂಜೆ.
ನವಿಲೆಯ ತಾಕಿನಲ್ಲಿ, ಕೂಲಿಯವರ ಬುತ್ತಿ ಡಬ್ಬಿಗಳು
ಗೇಟು ದಾಟಿ ಹೋದ ಮೇಲೆ,
ನಾನೂ ಕೆರಿಯಮ್ಮನೂ ಚಪ್ಪರದಡಿ ನುಸಿಯುತ್ತೇವೆ.
ಅವಳ ಮಡಿಲಲ್ಲಿ ಬೆಣ್ಣೆಕಾಗದದ ಚೀಲಗಳು,
ನನ್ನ ಕಿವಿಯ ಮೇಲೆ ಪೆನ್ಸಿಲ್ಲು.

ಗಂಡು ಹೂವಿಗೆ ಬರೀ ತೊಟ್ಟು.
ಹೆಣ್ಣು ಹೂವಿನ ಬುಡದಲ್ಲಿ, ಇನ್ನೂ ಮೊಗ್ಗಿರುವಾಗಲೇ,
ಕಿರುಬೆರಳ ಗೆಣ್ಣಿನಷ್ಟು ಒಂದು ಕಾಯಿ.
ಮೈತುಂಬ ನವಿರು.
ಆಗಲೇ ಉದ್ದ, ಇಲ್ಲವೇ ಆಗಲೇ ಗುಂಡು,
ಆಗಲೇ ಕತ್ತು ಕೊಂಕಿಸಿಕೊಂಡಿದ್ದು.
ಪರಾಗ ಬರುವುದು ಆಮೇಲೆ.
ಬಂದು ತುಂಬುತ್ತದೆ, ತಿದ್ದುವ ಕೆಲಸ ಅದಕ್ಕಿಲ್ಲ.

ತಿದ್ದಿದವರು ಯಾರು?
ಮೊಗ್ಗು ಸಾಸಿವೆಗಿಂತ ಸಣ್ಣದಿದ್ದಾಗ
ಒಂದು ಕೋಶ ಎರಡಾಗಬೇಕು,
ನಡುವೆ ಗೋಡೆ ಏಳಬೇಕು.
ಗೋಡೆ ಅಡ್ಡಕ್ಕೆ ಎದ್ದರೆ ಕಾಯಿ ಉದ್ದಕ್ಕೆ ಸಾಗುತ್ತದೆ,
ಉದ್ದಕ್ಕೆ ಎದ್ದರೆ ಅಗಲಕ್ಕೆ.
ವಂಶವಾಹಿ ಅಂತ ದೊಡ್ಡ ಹೆಸರು;
ಮೇಸ್ತ್ರಿಯ ಕಿವಿಯಲ್ಲಿ ಯಾರೋ
"ಇಲ್ಲಿಗೆ ಸಾಕು," "ಇನ್ನೊಂದು ವರಸೆ ಇಡು"
ಅಂದ ಹಾಗೆ, ಅಷ್ಟೆ.

"ಮತ್ತೆ ಕತ್ತು ಹೆಂಗೆ ಬತ್ತದೆ?" ಕೇಳಿದಳು ಕೆರಿಯಮ್ಮ.
ಮೇಸ್ತ್ರಿ ನಡುವೆ ಎಲೆಯಡಿಕೆಗೆ ಹೋದಾಗ, ಅಂದೆ.
ಅವಳು ನಗಲಿಲ್ಲ.

ತಾಯಿ, ಸಂತೆಯ ಉದ್ದ ಸೋರೆ,
ಕ್ರೇಟಿನಲ್ಲಿ ಒತ್ತೊತ್ತಿಗೆ ಮಲಗುವ ಜಾತಿ.
ತಂದೆ, ಕೆರಿಯಮ್ಮ ತನ್ನ ತವರಿನಿಂದ,
ಸೊರಬದ ಆಚೆಯಿಂದ,
ಬೂದಿಯಲ್ಲಿ ಹೊರಳಿಸಿ ತಂದ ಗುಂಡು ಸೋರೆ.
ಮೊದಲ ವರ್ಷ ನಲವತ್ತು ಬಳ್ಳಿ,
ನಲವತ್ತಕ್ಕೂ ಒಂದೇ ಮುಖ,
ಮದುವೆ ಫೋಟೋಕ್ಕೆ ಬಿಗಿದುಕೊಂಡು ನಿಂತ ನೆಂಟರ ಹಾಗೆ.
ಎರಡನೆಯ ವರ್ಷ ಅವುಗಳದೇ ಬೀಜ ಬಿತ್ತಿದೆವು.
ಒನಕೆ ಬಂತು, ಚೆಂಡು ಬಂತು,
ಗಿಂಡಿ, ಪೇರಲೆ,
ಕಪ್ಪೆ ನುಂಗಿ ಮಲಗಿದ ಹಾವು.
ಬಿತ್ತಿದಂತೆ ಬೆಳೆ ಎಂದ ಹಿರಿಯರು
ಎರಡನೆಯ ತಲೆಮಾರಿನ ತಾಕಿಗೆ ಕಾಲಿಟ್ಟಿರಲಿಲ್ಲ.
ಮೂರಕ್ಕೊಂದು ಎಂಬ ಶಾಲೆಯ ಲೆಕ್ಕವೂ ಕೂಡಲಿಲ್ಲ.
ಎಷ್ಟೋ ಕೈ ಸೇರಿ ಮಾಡಿದ ಕೆಲಸ ಇದು,
ಯಾರ ಕೈ ಎಲ್ಲಿ ಬಿತ್ತೆಂದು ಒಪ್ಪಿಸುವವರಿಲ್ಲ.

ಎಂಬತ್ತೇಳರ ಹತ್ತಿರ ಅವಳು ನಿಂತಳು.
ಕೆಳಗೊಂದು ಕೊಡ, ಮೇಲೊಂದು ಚೊಂಬು,
ನಡುವೆ ಹಗ್ಗ ಕೂರುವಷ್ಟು ಸೊಂಟ.
"ಇದು," ಅಂದಳು.
"ಇದೇ ಬುರುಡೇನ ಬೆನ್ನಿಗೆ ಕಟ್ಟಿ
ಅಪ್ಪಯ್ಯ ನನ್ನ ಕೆರೆಗೆ ತಳ್ಳಿದ್ದು.
ಇದಕ್ಕಾದರೆ ಹಗ್ಗ ಜಾರಂಗಿಲ್ಲ."
ಅವಳು ಕೊಟ್ಟ ಗುಂಡು ಸೋರೆಗೆ ಈ ಸೊಂಟ ಇರಲಿಲ್ಲ.
ಸಂತೆಯದಕ್ಕಂತೂ ಕನಸಿನಲ್ಲೂ ಇಲ್ಲ.
ಯಾರೊಳಗೆ ಅರ್ಧ, ಯಾರೊಳಗೆ ಉಳಿದರ್ಧ
ಅವಿತು ಕೂತಿತ್ತೋ.

ಉಗುರಲ್ಲಿ ಗೀರಿ ನಾಲಿಗೆಗೆ ಮುಟ್ಟಿಸಿದಳು,
ಥೂ ಅಂತ ಉಗಿದಳು.
"ವಿಷದಂಗೆ ಕಹಿ.
ಕಹಿ ಇದ್ದರೇ ಬುರುಡೆ ಗಟ್ಟಿ."

ನನ್ನ ಪುಸ್ತಕದಲ್ಲಿ ಉದ್ದಕ್ಕೊಂದು ಮನೆ, ಅಗಲಕ್ಕೊಂದು ಮನೆ,
ರುಚಿಗೊಂದು.
ಹಗ್ಗ ಜಾರದಿರುವುದಕ್ಕೆ ಮನೆ ಇಲ್ಲ.
ಕಹಿ ಬಿದ್ದ ಬಳ್ಳಿಯನ್ನು ಸೋಮವಾರ ಕೀಳಬೇಕು,
ಅದು ನಿಯಮ, ನಾನೇ ಟೈಪು ಮಾಡಿ ಅಂಟಿಸಿದ್ದು.
ಬರೆದೆ: ಕಹಿ. ತೆಗೆಯುವುದು.
ಅವಳಿಗೆ ಓದು ಬರುವುದಿಲ್ಲ,
ಆದರೂ ಪೆನ್ಸಿಲ್ಲು ನಿಂತ ಜಾಗವನ್ನೇ ನೋಡುತ್ತಿದ್ದಳು.

ಸೋಮವಾರಕ್ಕೆ ಇನ್ನೂ ನಾಲ್ಕು ದಿನ.
ಬೀಜ ಬಲಿಯಲು ಎರಡು ತಿಂಗಳು ಬೇಕು.
ಇದನ್ನು ನಾನು ಹೇಳಲಿಲ್ಲ,
ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಕತ್ತಲಾಯಿತು. ಹೂಗಳು ಮಾತ್ರ ಬೆಳ್ಳಗೆ.
ಪತಂಗವೊಂದು ಬಂದು
ಕಟ್ಟಿದ ಚೀಲಕ್ಕೆ ಡಿಕ್ಕಿ ಹೊಡೆದು ಹೊಡೆದು ಸುತ್ತುತ್ತಿತ್ತು.
"ಬೀದಿ ಬೇಲಿ ಮೇಲೆ ಹಬ್ಬಿಸಿದರೆ
ಯಾರ ತಾಕಿಂದು ಅಂತ ಯಾರು ಕೇಳ್ತಾರೆ?"
ಅಂದಳು, ನನಗಲ್ಲ, ಬಳ್ಳಿಗೂ ಅಲ್ಲ.
ನಾನು ಟಾರ್ಚು ಆ ಕಡೆ ತಿರುಗಿಸಿದೆ.
ಎಂಬತ್ತೆಂಟರಲ್ಲಿ ಎರಡು ಹೂ ಬಾಕಿ.