ಝೀರಾಳ ಪರವಾಗಿ ಒಬ್ಬ ವೆಲ್ಡರ್

ಹಿದ್ದ್ ಕ್ಯಾಂಪು. ಗುರುವಾರ ರಾತ್ರಿ. ಎಂಟು ಮಂಚಕ್ಕೆ ಒಂದು ಟಿವಿ.
ಹಸಿರು ಮೈಯ ಝೀರಾ ಬಂದಳೆಂದರೆ
ಲ್ಯಾನ್ಸಿ ಸಿಳ್ಳೆ ಹಾಕುತ್ತಾನೆ, ಹುಸೇನಬ್ಬ ಸೌಂಡು ಏರಿಸುತ್ತಾನೆ.
ಅವಳು ಹೇಳಿದ್ದು ಮಾತ್ರ ಯಾರಿಗೂ ಕೇಳುವುದಿಲ್ಲ.

ಬಟ್ಟೆ ಹೊಲಿದವನ ತಪ್ಪನ್ನು ಅವಳ ತಲೆಗೆ ಕಟ್ಟಬೇಡಿ ಮಾರಾಯ್ರೆ.
ಆ ಬಿಗಿ ಅಂಗಿಗೆ ಕಿಡಿ ಸಿಡಿದರೆ ಚರ್ಮವೇ ಸುಡುತ್ತದೆ;
ಮುಖ ಕಾಣಲೆಂದು ಮಾಸ್ಕೂ ಕೊಟ್ಟಿಲ್ಲ ಪಾಪಿಗಳು.
ಆದರೂ ನೌಕೆಯ ಹೊಟ್ಟೆ ಸೀಳಿದ ದಿನ
ಕ್ಯಾಪ್ಟನ್ ಭಾಷಣ ಬಿಗಿಯುತ್ತಿದ್ದಾಗ
ಮಲಗಿಕೊಂಡು, ತಲೆಯ ಮೇಲಿನ ಬಿರುಕಿಗೆ
ಬೆಸುಗೆ ಹಾಕಿದವಳು ಇವಳು.
ಆ ಪಟ್ಟು ನನಗೆ ಒಲಿಯಲು
ಡ್ರೈಡಾಕಿನಲ್ಲಿ ಆರು ವರ್ಷ ಬೇಕಾಯಿತು.
ಅವಳ ಕೈ ನಡುಗಲಿಲ್ಲ.

ಅಷ್ಟರಲ್ಲಿ ಕ್ಯಾಮೆರಾ ಅವಳ ಕೈ ಬಿಟ್ಟು ಸೊಂಟಕ್ಕೆ ಜಾರಿತು.
ಜಾರಲಿ.
ನಾನಿನ್ನೂ ಆ ಬೆಸುಗೆಯ ಹತ್ತಿರವೇ ಇದ್ದೇನೆ,
ಕೆಂಪು ಆರುವುದನ್ನು ಕಾಯುತ್ತ.