ಇನ್ನೂ ಹತ್ತು ಗಜ

ಬೆಳಗಾವಿ ಕ್ಯಾಂಪಿನ್ಯಾಗ ಮಂಜ ಇನ್ನೂ ಹುಲ್ಲಿನ ಮ್ಯಾಲ ಮಲಗಿರತೈತಿ.
ರಿಟಾಯರಾದ ಕರ್ನಲ್ ಸಾಹೇಬ್ರಿಗೆ
ಇನ್ನೂ ಹತ್ತು ಗಜ ಬೇಕಂತ.

"ಭರಮಾ, ಎಲ್ಲಿ ತಪ್ಪಾಕತ್ತೇತಿ ನೋಡು."
ನೋಡತೀನಿ.
ಭುಜದಾಗ ಸಿಟ್ಟೈತಿ, ಟೊಂಕ ನಿದ್ದಿಯಾಗೈತಿ,
ಮುಷ್ಟಿ ಅಂತೂ
ಸಾಲ ತಿಂದಾವನ ಕೊಳ್ಳಪಟ್ಟಿ ಹಿಡಿದಂಗ.

ಸಡ್ಲ ಬಿಡ್ರಿ ಸಾಹೇಬ್ರ.
ಬಿಸಿ ಕುಂದಾದ ಪೊಟ್ಟಣ ಹಿಡಿದಂಗ ಹಿಡೀರಿ,
ಬೀಳಬಾರದು, ಹಿಚುಕಬಾರದು.
ಜೋರು ಕೈಯಾಗಿಲ್ಲರಿ, ಹಿಮ್ಮಡದಾಗೈತಿ.
ನಮ್ಮವ್ವ ಘಾಟಿನ್ಯಾಗ
ಮಿಲಿಟ್ರಿ ಆಸ್ಪತ್ರಿಯ ತೊಯ್ದ ಚಾದರ ಎತ್ತಿ
ಕಲ್ಲಿಗೆ ಒಗಿಯೂವಾಗ
ಮೊದಲ ಕಾಲು ತಿರುಗತಿದ್ವು, ಆಮ್ಯಾಲ ಟೊಂಕ,
ಕೈ ಸುಮ್ನ ಹಿಂದಿಂದ ಬರತಿದ್ವು.

ಸಟ್!
ಚೆಂಡು ನೀಲಗಿರಿ ಗಿಡ ದಾಟಿ ಹೋತು.
ಸಾಹೇಬ್ರು ಸಾಲಿ ಹುಡುಗನಂಗ ನಕ್ಕರು.
ಹತ್ತಲ್ಲ, ಹದಿನೈದು.

ಆ ಹದಿನೈದೂ
ಚೀಲ ಹೊತ್ತು ನಾನ ನಡೀಬೇಕಂತ
ನನ್ನ ಮೊಳಕಾಲಿಗೆ
ನನಗಿಂತ ಮೊದಲ ತಿಳಿದಿತ್ತು.

ಸಂಜಿಮುಂದ ಯಾರೂ ಇರೂದಿಲ್ಲ.
ಮುರುಕ ಛತ್ರಿ ತಿರುವಿ ಹಿಡಿದು
ನಾನೂ ಒಮ್ಮಿ ಬೀಸತೀನಿ.
ಬಾಯಿಂದ ಅವ್ವನ "ಹುಶ್ಶ್" ಬರತೈತಿ.
ಚೆಂಡ ಇಲ್ಲ.
ಎಲ್ಲಿ ಬಿತ್ತಂತ
ಯಾರೂ ಹುಡುಕೂದು ಬ್ಯಾಡ.